ಶೇಕಡಾ ಎಂಟರ ಮೆಣಸು: ಮೈಸೂರಿನ ಒಂದು ಮಸಾಲೆ ಘಟಕದ ಪ್ರಕರಣ ಅಧ್ಯಯನ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಅಣ್ಣತಮ್ಮಂದಿರಿಬ್ಬರು ನಡೆಸುವ ಮಸಾಲೆ ಪುಡಿಯ ಘಟಕವೊಂದು 2017ರ ನವೆಂಬರ್‌ನಲ್ಲಿ ಶ್ರೀಲಂಕಾದಿಂದ ಒಂದು ಕಂಟೈನರ್ ಕಾಳುಮೆಣಸು ತರಿಸಲು ಹೊರಟು, ಡಿಸೆಂಬರ್ ಮುಗಿಯುವುದರೊಳಗೆ ಅದನ್ನು ಕೈಬಿಟ್ಟ ಪ್ರಕರಣವಿದು. ಸರಕು ಬರಲಿಲ್ಲ, ಸುಂಕ ಕಟ್ಟುವ ಪ್ರಸಂಗ ಒದಗಲಿಲ್ಲ, ಯಾವ ಇಲಾಖೆಯಿಂದಲೂ ನೋಟಿಸ್ ಬರಲಿಲ್ಲ. ಏನೂ ನಡೆಯದ ವ್ಯವಹಾರವೊಂದನ್ನು ಇಷ್ಟು ವಿವರವಾಗಿ ಏಕೆ ಬರೆಯಬೇಕು ಎಂದು ಕೇಳಿದರೆ, ನೆರೆಹೊರೆಯ ದೇಶಗಳ ನಡುವಿನ ರಿಯಾಯಿತಿ ಸುಂಕದ ಒಪ್ಪಂದಗಳು ಒಬ್ಬ ಸಣ್ಣ ಖರೀದಿದಾರನ ಮೇಜಿನವರೆಗೆ ಇಳಿದು ಬಂದಾಗ ಹೇಗೆ ಕಾಣಿಸುತ್ತವೆ ಎಂಬುದು ಈ ಆರು ವಾರಗಳಲ್ಲಿ ಪೂರ್ತಿಯಾಗಿ ಗೋಚರವಾಯಿತು ಎಂಬುದೇ ನನ್ನ ಉತ್ತರ. ನಾನು ಸಣ್ಣ ಘಟಕಗಳಿಗೆ ಆಮದು–ರಫ್ತಿನ ಕಾಗದಪತ್ರಗಳ ಬಗ್ಗೆ ಸಲಹೆ ಕೊಡುವವನು. ಈ ಪ್ರಕರಣದಲ್ಲಿಯೂ ಸಲಹೆ ಕೊಟ್ಟೆ, ಮೊದಲ ಸಲಹೆಯನ್ನು ತಪ್ಪಾಗಿಯೇ ಕೊಟ್ಟೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬಿಟ್ಟಿದ್ದೇನೆ, ಘಟಕದ ಅಂಕಿಗಳನ್ನು ಲೆಕ್ಕಕ್ಕೆ ಅನುಕೂಲವಾಗುವಂತೆ ದುಂಡಗೆ ಮಾಡಿದ್ದೇನೆ.

ಘಟಕ ಮತ್ತು ಅದರ ಮೆಣಸು

ತಂದೆಯವರು ಸಂತೇಪೇಟೆಯ ಒಂದು ಕಿರಿದಾದ ಮಳಿಗೆಯಲ್ಲಿ ಕುಟ್ಟಿ ಮಾರುತ್ತಿದ್ದ ಸಾರಿನ ಪುಡಿಯಿಂದ ಬೆಳೆದ ಈ ಘಟಕ, ಈಗ ಹೋಟೆಲುಗಳಿಗೆ, ಅಡುಗೆ ಕಂಟ್ರಾಕ್ಟರುಗಳಿಗೆ ಮತ್ತು ಕಾರ್ಖಾನೆಗಳ ಕ್ಯಾಂಟೀನುಗಳಿಗೆ ಸಾರಿನ ಪುಡಿ, ಹುಳಿಪುಡಿ, ಮೆಣಸಿನ ಪುಡಿಗಳನ್ನು ಪೂರೈಸುತ್ತದೆ. ತಿಂಗಳಿಗೆ ಸುಮಾರು ನಾಲ್ಕು ಟನ್ ಕಾಳುಮೆಣಸು ಬೇಕು. ಕೊಡಗಿನಲ್ಲಿ ಫೆಬ್ರವರಿ–ಮಾರ್ಚ್ ಹೊತ್ತಿಗೆ ಕೊಯ್ಲಾಗುವ ಮೆಣಸಿನಲ್ಲಿ ವರ್ಷದ ಅರ್ಧದಷ್ಟನ್ನು ಸುಗ್ಗಿಯಲ್ಲಿಯೇ ಖರೀದಿಸಿ, ಉಳಿದದ್ದನ್ನು ತೋಟದವರ ದಾಸ್ತಾನಿನಿಂದ ಬೇಕಾದಾಗ ಬೇಕಾದಷ್ಟು ಎತ್ತುವುದು ಅವರ ಪದ್ಧತಿ. ಮೆಣಸು ಕೆಡುವ ಸರಕಲ್ಲವಾದ್ದರಿಂದ ಕಾಫಿ ತೋಟದವರು ಅದನ್ನು ಬ್ಯಾಂಕಿನ ಠೇವಣಿಯ ಹಾಗೆ ಗೋದಾಮಿನಲ್ಲಿಟ್ಟುಕೊಂಡು, ಕೈಗೆ ಹಣ ಬೇಕಾದಾಗ ಅಥವಾ ಧಾರಣೆ ಏರಿದಾಗ ಮಾರುತ್ತಾರೆ. ಸಿದ್ದಾಪುರದ ಹತ್ತಿರದ ಒಬ್ಬ ಬೆಳೆಗಾರರು ಹೀಗೆ ತಂದೆಯವರ ಕಾಲದಿಂದಲೂ ಈ ಮನೆಗೆ ಮೆಣಸು ಕೊಡುತ್ತಿದ್ದವರು. 2017ರ ಅಕ್ಟೋಬರ್‌ನಲ್ಲಿ ಅವರ ಬಳಿ ಆರು ಟನ್ ಉಳಿದಿತ್ತು, ಎತ್ತುವುದಾಗಿ ಅಣ್ಣ ಮಾತು ಕೊಟ್ಟಿದ್ದರು.

ಆದರೆ ಧಾರಣೆ ಬೀಳುತ್ತಿತ್ತು. ಒಂದೆರಡು ವರ್ಷಗಳ ಹಿಂದೆ ಕಿಲೋಗೆ ಏಳುನೂರರ ಆಸುಪಾಸಿನಲ್ಲಿದ್ದ ಮೆಣಸು ಈಗ ನಾಲ್ಕುನೂರ ಚಿಲ್ಲರೆಗೆ ಬಂದಿತ್ತು. ಬೀಳುವ ಮಾರುಕಟ್ಟೆಯಲ್ಲಿ ಮಾತು ಕೊಟ್ಟವನಿಗೂ ಕೈ ಹಿಂದೆ ಬರುತ್ತದೆ. ಅಂಥ ಹೊತ್ತಿನಲ್ಲಿ ತೂತ್ತುಕುಡಿಯ ಒಬ್ಬ ಏಜೆಂಟ್ ತಮ್ಮನಿಗೆ ಫೋನ್ ಮಾಡಿ, ಕೊಲಂಬೊದಿಂದ ಶ್ರೀಲಂಕಾ ಮೆಣಸು ಕೊಡಿಸುವೆನೆಂದೂ, ಸಾಗಣೆ ಮತ್ತು ವಿಮೆ ಸೇರಿ ಬಂದರು ಮುಟ್ಟಿದ ಬೆಲೆ ಕಿಲೋಗೆ 290 ರೂಪಾಯಿಯಾಗುತ್ತದೆಂದೂ, ಸುಂಕ ಶೇಕಡಾ 8 ಮಾತ್ರವೆಂದೂ ಹೇಳಿದ.

ಮೂರು ಬಾಗಿಲುಗಳ ಮನೆ

ಈ ಶೇಕಡಾ 8 ಎಲ್ಲಿಂದ ಬಂತು ಎಂಬುದನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ವಿದೇಶಿ ಮೆಣಸಿನ ಮೇಲೆ ಭಾರತ ಹಾಕುವ ಸಾಮಾನ್ಯ ಸುಂಕ ಶೇಕಡಾ 70. ಆಗ್ನೇಯ ಏಷ್ಯಾದ ಆಸಿಯಾನ್ ದೇಶಗಳೊಂದಿಗೆ 2010ರಿಂದ ಜಾರಿಗೆ ಬಂದ ಒಪ್ಪಂದದಲ್ಲಿ ಮೆಣಸನ್ನು ಕಾಫಿ, ಕಪ್ಪು ಚಹಾ ಮತ್ತು ತಾಳೆ ಎಣ್ಣೆಗಳ ಜೊತೆ ವಿಶೇಷ ಸರಕಿನ ಪಟ್ಟಿಗೆ ಸೇರಿಸಿ, ಸುಂಕವನ್ನು ವರ್ಷ ವರ್ಷ ನಿಧಾನವಾಗಿ ಇಳಿಸಿ ಶೇಕಡಾ 50ಕ್ಕೆ ತಂದು ನಿಲ್ಲಿಸುವುದೆಂದು ನಿರ್ಧರಿಸಲಾಗಿತ್ತು. ಆದ್ದರಿಂದ 2017ರಲ್ಲಿ ಜಗತ್ತಿನ ಅತಿ ದೊಡ್ಡ ಮೆಣಸು ಉತ್ಪಾದಕ ದೇಶವಾದ ವಿಯೆಟ್ನಾಂನಿಂದ ನೇರವಾಗಿ ತರಿಸಿದರೂ ಸುಂಕ ಶೇಕಡಾ 50ಕ್ಕಿಂತ ಮೇಲೆಯೇ ಇತ್ತು. ಮೂರನೆಯ ಬಾಗಿಲು ಶ್ರೀಲಂಕಾದ್ದು. 1998ರ ಡಿಸೆಂಬರ್‌ನಲ್ಲಿ ಸಹಿಯಾಗಿ 2000ದ ಮಾರ್ಚ್‌ನಲ್ಲಿ ಜಾರಿಯಾದ ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದದಡಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು. ಅದನ್ನು ಮೀರಿದ್ದು ದಕ್ಷಿಣ ಏಷ್ಯಾದ ಸಾರ್ಕ್ ದೇಶಗಳ ಮುಕ್ತ ವ್ಯಾಪಾರ ಒಪ್ಪಂದವಾದ ಸಾಫ್ಟಾದಡಿ ಶೇಕಡಾ 8ರ ಸುಂಕದಲ್ಲಿ ಬರಬಹುದು. ಸಾಫ್ಟಾಕ್ಕೆ ಸಹಿ ಬಿದ್ದದ್ದು 2004ರ ಜನವರಿಯಲ್ಲಿ ಇಸ್ಲಾಮಾಬಾದಿನ ಶೃಂಗಸಭೆಯಲ್ಲಿ, ಜಾರಿಗೆ ಬಂದದ್ದು 2006ರಲ್ಲಿ.

ಒಂದೇ ಕಾಳಿಗೆ 70, ಐವತ್ತರ ಮೇಲೆ, 8 ಮತ್ತು ಸೊನ್ನೆ ಎಂದು ನಾಲ್ಕು ದರಗಳಿದ್ದಾಗ ಕಾಳು ಯಾವ ದಾರಿ ಹಿಡಿಯುತ್ತದೆ ಎಂದು ಊಹಿಸಲು ಅರ್ಥಶಾಸ್ತ್ರ ಓದಬೇಕಾಗಿಲ್ಲ. ತಗ್ಗು ಕಂಡಲ್ಲಿ ನೀರು ಹರಿಯುತ್ತದೆ. ಇದಕ್ಕೆ ಮೊದಲೂ ಹರಿದಿತ್ತು: ಮುಕ್ತ ವ್ಯಾಪಾರ ಒಪ್ಪಂದ ಜಾರಿಯಾದ ಹೊಸದರಲ್ಲಿ, ಕಚ್ಚಾ ತಾಳೆ ಎಣ್ಣೆಗೆ ಭಾರತದಲ್ಲಿ ಹೆಚ್ಚು ಸುಂಕ, ಶ್ರೀಲಂಕಾದಲ್ಲಿ ಕಡಿಮೆ ಸುಂಕ ಇದ್ದದ್ದನ್ನು ನೋಡಿ, ಭಾರತಕ್ಕೆ ಮಾರುವುದಕ್ಕೆಂದೇ ಅಲ್ಲಿ ವನಸ್ಪತಿ ಕಾರ್ಖಾನೆಗಳು ಎದ್ದವು, ಕೊನೆಗೆ ವರ್ಷಕ್ಕೆ ಎರಡೂವರೆ ಲಕ್ಷ ಟನ್ ಎಂಬ ಮಿತಿ ಹಾಕಬೇಕಾಯಿತು. ವನಸ್ಪತಿಯ ವಿಷಯದಲ್ಲಿ ಕನಿಷ್ಠ ಪಕ್ಷ ಅಲ್ಲೊಂದು ಕಾರ್ಖಾನೆಯಾದರೂ ಇತ್ತು, ಎಣ್ಣೆ ಬೇರೊಂದು ವಸ್ತುವಾಗಿ ಹೊರಬರುತ್ತಿತ್ತು. ಮೆಣಸಿಗೆ ಅದೂ ಬೇಕಾಗಿರಲಿಲ್ಲ. ಚೀಲ ಬದಲಿಸಿದರೆ ಸಾಕಾಗಿತ್ತು. ವಿಯೆಟ್ನಾಂನ ಮೆಣಸು ಕೊಲಂಬೊಗೆ ಬಂದು ಅಲ್ಲಿಂದ ಶ್ರೀಲಂಕಾದ ಹೆಸರು ಹೊತ್ತು ನಮ್ಮ ಬಂದರುಗಳಿಗೆ ಇಳಿಯುತ್ತಿದೆ ಎಂದು ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು ಆ ವರ್ಷವೆಲ್ಲ ದೂರುತ್ತಿದ್ದರು.

ಒಪ್ಪಂದದ ಮಾತುಗಳಲ್ಲಿ ಇದಕ್ಕೆ ತಡೆ ಇದ್ದೇ ಇದೆ. ಬೇರೆ ದೇಶದ ಕಚ್ಚಾ ಸಾಮಗ್ರಿ ಬಳಸಿದ ಸರಕು ಶ್ರೀಲಂಕಾದ್ದೆಂದು ಕರೆಸಿಕೊಳ್ಳಬೇಕಾದರೆ ಎರಡು ಷರತ್ತು ಒಟ್ಟಿಗೆ ಈಡೇರಬೇಕು: ಶೇಕಡಾ 35ರಷ್ಟು ಮೌಲ್ಯ ಅಲ್ಲಿಯೇ ಸೇರಿರಬೇಕು, ಮತ್ತು ಸರಕಿನ ನಾಲ್ಕು ಅಂಕಿಯ ಸುಂಕ ಶೀರ್ಷಿಕೆ ಬದಲಾಗಿರಬೇಕು. ಕಾಳುಮೆಣಸಿನ ಶೀರ್ಷಿಕೆ 0904. ಇಡಿ ಕಾಳೂ ಅದೇ, ಕುಟ್ಟಿದ್ದೂ ಅದೇ, ಬೀಸಿದ ಪುಡಿಯೂ ಅದೇ. ವಿಯೆಟ್ನಾಂನ ಮೆಣಸನ್ನು ಕೊಲಂಬೊದಲ್ಲಿ ಜರಡಿ ಹಿಡಿದು, ತೊಳೆದು, ಒಣಗಿಸಿ, ನುಣ್ಣಗೆ ಬೀಸಿದರೂ ಅದು 0904ರಿಂದ ಹೊರಗೆ ಹೋಗುವುದಿಲ್ಲವಾದ್ದರಿಂದ, ಅಲ್ಲಿ ಎಷ್ಟೇ ಮೌಲ್ಯ ಸೇರಿಸಿದೆವೆಂದರೂ ಅದು ಶ್ರೀಲಂಕಾದ ಮೆಣಸಾಗುವುದಿಲ್ಲ. ಅಂದರೆ ಶೇಕಡಾ 8ರ ಬಾಗಿಲಿನಿಂದ ಬರಲು ಹಕ್ಕಿರುವುದು ಮಾತಳೆ, ಕ್ಯಾಂಡಿ, ಕೇಗಾಲೆಯಂಥ ಜಿಲ್ಲೆಗಳ ಬಳ್ಳಿಯಲ್ಲಿ ಬೆಳೆದ ಮೆಣಸಿಗೆ ಮಾತ್ರ. ನಿಯಮ ಇಷ್ಟು ಸ್ಪಷ್ಟ. ಅದರ ಇಡೀ ಭಾರ ಮಾತ್ರ ಒಂದು ಕಾಗದದ ಮೇಲೆ ನಿಂತಿದೆ: ಕೊಲಂಬೊದ ವಾಣಿಜ್ಯ ಇಲಾಖೆ ಕೊಡುವ ಮೂಲ ಪ್ರಮಾಣಪತ್ರ, ಅಂದರೆ ಸರಕು ಯಾವ ದೇಶದ್ದೆಂದು ದೃಢೀಕರಿಸುವ ಪತ್ರ.

ಲೆಕ್ಕ, ಮತ್ತು ನನ್ನ ಮೊದಲ ಸಲಹೆ

ತಮ್ಮ ನನ್ನ ಬಳಿಗೆ ಬಂದದ್ದು ಲೆಕ್ಕದ ಹಾಳೆಯೊಂದಿಗೆ. 290 ರೂಪಾಯಿಗೆ ಶೇಕಡಾ 8ರಂತೆ 23 ರೂಪಾಯಿ 20 ಪೈಸೆ ಸುಂಕ. ಬಂದರಿನ ಖರ್ಚು ಮತ್ತು ಮೈಸೂರಿನವರೆಗಿನ ಲಾರಿ ಬಾಡಿಗೆ ಹತ್ತು ರೂಪಾಯಿ. ಸೆಸ್ಸನ್ನೂ, ಹೇಗೂ ಹಿಂದಕ್ಕೆ ಹೊಂದಿಸಿಕೊಳ್ಳಬಹುದಾದ ಶೇಕಡಾ 5ರ ಜಿಎಸ್‌ಟಿಯನ್ನೂ ಬಿಟ್ಟರೆ, ಒಟ್ಟು 323 ರೂಪಾಯಿ. ಅದೇ ವಾರ ಕೊಡಗಿನ ಮೆಣಸು ಘಟಕದ ಬಾಗಿಲಿಗೆ ಬಂದು ಬೀಳಲು 430 ರೂಪಾಯಿ. ಕಿಲೋಗೆ 107 ರೂಪಾಯಿ ಉಳಿತಾಯ. ಇಪ್ಪತ್ತು ಅಡಿಯ ಒಂದು ಕಂಟೈನರಿಗೆ ಹದಿನಾಲ್ಕು ಟನ್ ಹಿಡಿದರೆ ಸುಮಾರು 15 ಲಕ್ಷ. ಸಣ್ಣ ಘಟಕಕ್ಕೆ ಇದು ಒಂದು ವರ್ಷದ ಲಾಭಕ್ಕೆ ಹತ್ತಿರದ ಮೊತ್ತ.

ಪ್ರಮಾಣಪತ್ರವನ್ನು ಕೊಡುವುದು ಒಂದು ಸರ್ಕಾರದ ಇಲಾಖೆ, ಅದರ ಮೇಲೆ ಮೊಹರು ಮತ್ತು ಸಹಿ ಇರುತ್ತದೆ, ನಮ್ಮ ಕಸ್ಟಮ್ಸ್‌ನವರು ಅದನ್ನು ಸಾಮಾನ್ಯವಾಗಿ ಒಪ್ಪುತ್ತಾರೆ, ಸಂಶಯ ಬಂದರೆ ಆ ಇಲಾಖೆಯನ್ನೇ ಕೇಳುತ್ತಾರೆ, ಆದ್ದರಿಂದ ನಿಮಗೆ ಚಿಂತೆ ಬೇಡ ಎಂದು ನಾನು ಹೇಳಿದೆ. ಹೇಳುವಾಗ ಅದು ಕಾನೂನಿನ ಪ್ರಕಾರ ಸರಿಯಾದ ಮಾತೆಂದೇ ನನಗೆ ಅನಿಸಿತ್ತು. ನಾನು ಕೇಳದೆ ಬಿಟ್ಟ ಪ್ರಶ್ನೆ ಒಂದೇ: ಸಂಶಯ ನಿಜವಾದರೆ ಹಣ ಕಟ್ಟುವವರು ಯಾರು? ಪ್ರಮಾಣಪತ್ರ ಕೊಟ್ಟ ಇಲಾಖೆಯೂ ಅಲ್ಲ, ಅದನ್ನು ಕೇಳಿ ಪಡೆದ ಕೊಲಂಬೊದ ರಫ್ತುದಾರನೂ ಅಲ್ಲ. ಇಲ್ಲಿ ಬಿಲ್ ಆಫ್ ಎಂಟ್ರಿಗೆ, ಅಂದರೆ ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆಗೆ, ಸಹಿ ಹಾಕಿದ ಆಮದುದಾರ. ರಿಯಾಯಿತಿ ನಿರಾಕರಿಸಲ್ಪಟ್ಟರೆ ಸುಂಕ ಶೇಕಡಾ 8ರಿಂದ ಆಸಿಯಾನ್ ದರಕ್ಕೂ ಏರುವುದಿಲ್ಲ, ಏಕೆಂದರೆ ಆ ದರಕ್ಕೆ ಬೇಕಾದ ವಿಯೆಟ್ನಾಂನ ಪ್ರಮಾಣಪತ್ರ ಕೈಯಲ್ಲಿರುವುದಿಲ್ಲ. ಅದು ನೇರವಾಗಿ ಶೇಕಡಾ 70ಕ್ಕೆ ಹಾರುತ್ತದೆ. ಕಿಲೋಗೆ 203 ರೂಪಾಯಿ. ವ್ಯತ್ಯಾಸ ಸುಮಾರು 180 ರೂಪಾಯಿ, ಕಂಟೈನರಿಗೆ 25 ಲಕ್ಷ ದಾಟುತ್ತದೆ, ಅದರ ಮೇಲೆ ಬಡ್ಡಿ ಮತ್ತು ದಂಡ. ಹದಿನೈದು ಲಕ್ಷ ಉಳಿಸಲು ಇಪ್ಪತ್ತೈದು ಲಕ್ಷವನ್ನು ಪಣಕ್ಕಿಡುವ ವ್ಯವಹಾರವಿದು ಎಂದು ಲೆಕ್ಕದ ಹಾಳೆಯ ಕೆಳಗೆ ನಾನು ಬರೆದುಕೊಟ್ಟದ್ದು ಒಂದು ವಾರ ತಡವಾಗಿ. ಅಷ್ಟರಲ್ಲಿ ಬ್ಯಾಂಕಿನಲ್ಲಿ ಎಲ್‌ಸಿ, ಅಂದರೆ ಸರಕಿನ ಕಾಗದಗಳನ್ನು ಒಪ್ಪಿಸಿದ ಮಾರಾಟಗಾರನಿಗೆ ಬ್ಯಾಂಕೇ ಹಣ ಕೊಡುವ ಭರವಸೆಯ ಪತ್ರ, ತೆರೆಯಲಾಗಿತ್ತು: ರದ್ದುಪಡಿಸಲಾಗದ ಎಲ್‌ಸಿ, ಹದಿನಾಲ್ಕು ಟನ್, 40 ಲಕ್ಷದ 60 ಸಾವಿರ ರೂಪಾಯಿ, ಡಿಸೆಂಬರ್ 31ರೊಳಗೆ ಹಡಗೇರಬೇಕು.

ಅಣ್ಣನ ಕೈ

ಏಜೆಂಟ್ ಕಳಿಸಿದ ಅರ್ಧ ಕಿಲೋ ಮಾದರಿಯನ್ನು ಅಣ್ಣ ನೋಡಿದ್ದು ಎಲ್‌ಸಿ ತೆರೆದ ಮರುದಿನ. ಅವರು ಲೀಟರ್ ತೂಕ, ಅಂದರೆ ಒಂದು ಲೀಟರ್ ಅಳತೆಯ ಕಾಳು ಎಷ್ಟು ತೂಗುತ್ತದೆಂದು, ನೋಡಿದರು, ಚೆನ್ನಾಗಿತ್ತು. ತೇವ ನೋಡಿದರು, ಸರಿಯಾಗಿತ್ತು. ನಾಲ್ಕು ಕಾಳನ್ನು ಅಂಗೈಯಲ್ಲಿ ಜಜ್ಜಿ ಮೂಸಿ, ಒಂದನ್ನು ಬಾಯಿಗೆ ಹಾಕಿಕೊಂಡು ಸುಮ್ಮನಾದರು. ಶ್ರೀಲಂಕಾದ ಮೆಣಸಿಗೆ ವ್ಯಾಪಾರದಲ್ಲಿ ಹೆಸರಿರುವುದು ಅದರ ಖಾರಕ್ಕೆ, ಅಂದರೆ ಪೈಪರಿನ್ ಅಂಶಕ್ಕೆ. "ಇದು ಆ ಕಡೆಯದ್ದಲ್ಲ ಕಣೋ, ನಾಲಿಗೆ ಮೇಲೆ ನಿಲ್ತಾನೇ ಇಲ್ಲ" ಎಂದು ಅಣ್ಣ ಹೇಳಿದರೆ, "ಅಣ್ಣಾ, ನಿಮ್ಮ ನಾಲಿಗೆಯನ್ನ ಕಸ್ಟಮ್ಸ್‌ನವರು ಕೇಳಲ್ಲ, ಕಾಗದ ಕೇಳ್ತಾರೆ" ಎಂದು ತಮ್ಮ ಹೇಳಿದ. ಇಬ್ಬರ ಮಾತೂ ಸರಿಯಾಗಿತ್ತು.

ಮೈಸೂರಿನಲ್ಲಿಯೇ ಇರುವ ಸಿಎಫ್‌ಟಿಆರ್‌ಐಯಂಥ ಆಹಾರ ಸಂಶೋಧನಾ ಸಂಸ್ಥೆಯಲ್ಲಿ ಮೆಣಸಿನ ಪೈಪರಿನ್ ಎಷ್ಟು, ಆವಿಯಾಗುವ ಎಣ್ಣೆಯಂಶ ಎಷ್ಟು ಎಂದು ಕರಾರುವಾಕ್ಕಾಗಿ ಪರೀಕ್ಷೆ ಮಾಡಿಸಬಹುದು. ಆದರೆ ಅಂಥ ವರದಿ ಹೇಳುವುದು ಮೆಣಸಿನ ಗುಣವನ್ನು. ಸುಂಕ ಕೇಳುವುದು ಮೆಣಸಿನ ಊರನ್ನು. ಪೈಪರಿನ್ ಕಡಿಮೆ ಇದೆ ಎಂಬುದರಿಂದ ಅದು ಮಾತಳೆಯ ಬಳ್ಳಿಯದ್ದಲ್ಲ ಎಂದು ಯಾವ ಅಧಿಕಾರಿಯೂ ಆದೇಶ ಬರೆಯಲಾರ, ಹೆಚ್ಚಿದೆ ಎಂಬುದರಿಂದ ಅಲ್ಲಿಯದ್ದೇ ಎಂದು ಯಾವ ಆಮದುದಾರನೂ ಸಾಧಿಸಲಾರ. ಬೆಲೆಯೇ ಇದಕ್ಕಿಂತ ದೊಡ್ಡ ಸುಳಿವಾಗಿತ್ತು ಎಂದು ಈಗ ಅನಿಸುತ್ತದೆ. ಸಣ್ಣ ಹಿಡುವಳಿದಾರರಿಂದ ಚೀಲ ಚೀಲವಾಗಿ ಕೂಡಿಸಿದ ಶ್ರೀಲಂಕಾ ಮೆಣಸು ವಿಯೆಟ್ನಾಂನ ಸರಕಿಗಿಂತ ಸಾಮಾನ್ಯವಾಗಿ ದುಬಾರಿ. ಏಜೆಂಟ್ ಹೇಳಿದ 290 ರೂಪಾಯಿ ಆ ದಿನಗಳ ವಿಯೆಟ್ನಾಂ ಧಾರಣೆಗೆ ಹೊಂದುವಂತಿತ್ತು.

ನಾವು ಮೂರು ಕಾಗದಗಳನ್ನು ಕೇಳಿದೆವು: ಶ್ರೀಲಂಕಾದ ಯಾವ ಸಂಗ್ರಾಹಕರಿಂದ ಕೊಂಡದ್ದೆಂಬ ಬಿಲ್ಲು, ಸಸ್ಯ ಆರೋಗ್ಯ ಪ್ರಮಾಣಪತ್ರದ ಪ್ರತಿ, ಮತ್ತು ಇದೇ ರಫ್ತುದಾರನ ಹೆಸರಿನಲ್ಲಿ ಹಿಂದೆ ಪಡೆದ ಮೂಲ ಪ್ರಮಾಣಪತ್ರ. ಎರಡನೆಯದನ್ನು ಕೇಳಿದ್ದಕ್ಕೆ ಕಾರಣವಿತ್ತು. ಒಂದು ದೇಶದಲ್ಲಿ ಬೆಳೆದ ಕೃಷಿ ಸರಕಿಗೂ, ಬೇರೆಡೆಯಿಂದ ಬಂದು ಮುಂದಕ್ಕೆ ಹೋಗುವ ಸರಕಿಗೂ ಸಸ್ಯ ಸಂರಕ್ಷಣೆಯವರು ಕೊಡುವ ಪತ್ರದ ನಮೂನೆಯೇ ಬೇರೆ, ಎರಡನೆಯದರಲ್ಲಿ ಮರುರಫ್ತು ಎಂದೇ ಬರೆದಿರುತ್ತದೆ. ಕೀಟ ನೋಡುವವನಿಗೆ ಸುಂಕದ ಗೊಡವೆ ಇಲ್ಲವಾದ್ದರಿಂದ ಅವನ ಕಾಗದದಲ್ಲಿ ನಿಜ ಹೊರಬೀಳುವ ಸಂಭವ ಹೆಚ್ಚು. ಏಜೆಂಟ್ ಮೊದಲ ಎರಡನ್ನು ಹಡಗೇರಿದ ಮೇಲೆ ಕೊಡುವೆನೆಂದ. ಮೂರನೆಯದೆಂದು ಕಳಿಸಿದ ಪ್ರಮಾಣಪತ್ರದಲ್ಲಿ ರಫ್ತುದಾರನ ಹೆಸರು ಬೇರೆಯದಾಗಿತ್ತು.

ಡಿಸೆಂಬರ್ 6

ಈ ಪತ್ರ ವ್ಯವಹಾರ ನಡೆಯುತ್ತಿರುವಾಗಲೇ, 2017ರ ಡಿಸೆಂಬರ್ 6ರಂದು, ಕೇಂದ್ರ ಸರ್ಕಾರ ಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು; ಅಂದರೆ ಅದಕ್ಕಿಂತ ಕಡಿಮೆ ಬೆಲೆಗೆ ಕೊಂಡ ಮೆಣಸನ್ನು ಒಳಗೆ ತರುವಂತಿಲ್ಲ. ಕೊಡಗಿನಲ್ಲಿ ಸಂತೋಷಪಟ್ಟರು, ಧಾರಣೆ ಒಂದಿಷ್ಟು ಚೇತರಿಸಿತು. ಅಡಿಕೆಗೆ ಅದೇ ವರ್ಷದ ಆರಂಭದಲ್ಲಿ 251 ರೂಪಾಯಿಯ ಕನಿಷ್ಠ ಬೆಲೆ ಗೊತ್ತು ಮಾಡಿದ್ದರಿಂದ ಮಲೆನಾಡಿನವರಿಗೆ ಈ ಉಪಾಯ ಹೊಸದಾಗಿರಲಿಲ್ಲ.

ನಮ್ಮ ಎಲ್‌ಸಿ ಆಗಲೇ ತೆರೆದದ್ದು. ಆಗಿನ ವಿದೇಶ ವ್ಯಾಪಾರ ನೀತಿಯ 1.05ನೆಯ ಪ್ಯಾರಾದಲ್ಲಿ ಇಂಥ ಸಂದರ್ಭಕ್ಕೊಂದು ರಕ್ಷಣೆಯಿತ್ತು: ಮುಕ್ತವಾಗಿದ್ದ ಆಮದಿನ ಮೇಲೆ ಹಠಾತ್ತನೆ ನಿರ್ಬಂಧ ಬಂದರೆ, ನಿರ್ಬಂಧಕ್ಕೆ ಮೊದಲೇ ತೆರೆದ ರದ್ದುಪಡಿಸಲಾಗದ ಎಲ್‌ಸಿಯನ್ನು ಹದಿನೈದು ದಿನಗಳೊಳಗೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಪ್ರಾದೇಶಿಕ ಕಚೇರಿಯಲ್ಲಿ, ಅಂದರೆ ನಮ್ಮ ಪಾಲಿಗೆ ಬೆಂಗಳೂರಿನಲ್ಲಿ, ನೋಂದಾಯಿಸಿದವರಿಗೆ ಆ ಎಲ್‌ಸಿಯ ಅವಧಿ ಮತ್ತು ಪ್ರಮಾಣದ ಮಿತಿಯಲ್ಲಿ ಸಾಮಾನ್ಯವಾಗಿ ಹಳೆಯ ನಿಯಮದಂತೆಯೇ ಆಮದಿಗೆ ಅವಕಾಶ. ನೋಂದಾಯಿಸೋಣವೆಂದು ನಾನು ಕಾಗದ ಸಿದ್ಧಪಡಿಸುತ್ತಿದ್ದೆ. ಆಗ ಏಜೆಂಟಿನಿಂದ ಬಂದ ಸೂಚನೆಯೇ ಈ ಪ್ರಕರಣದ ತಿರುಳು.

ಬಂದರಿನಲ್ಲಿ ಆ ಪ್ಯಾರಾ ಹಿಡಿದುಕೊಂಡು ವಾದಿಸುತ್ತ ಕೂರುವುದು ಬೇಡ, ಎಲ್‌ಸಿಯನ್ನು 500 ರೂಪಾಯಿಯ ದರಕ್ಕೆ ತಿದ್ದಿಸಿ, ಒಟ್ಟು 70 ಲಕ್ಷ ಕಳಿಸಿ, ಹೆಚ್ಚಿನ 29 ಲಕ್ಷದ 40 ಸಾವಿರವನ್ನು ನಿಮಗೆ ಇಲ್ಲಿಯೇ ನಗದಾಗಿ ತಲುಪಿಸುತ್ತೇವೆ ಎಂದು ಆತ ಹೇಳಿದ. ಆತ ಇದನ್ನು ಇಷ್ಟು ಸಲೀಸಾಗಿ ಹೇಳುವಾಗ ಅಧಿಸೂಚನೆ ಹೊರಬಿದ್ದು ನಾಲ್ಕು ದಿನವೂ ಆಗಿರಲಿಲ್ಲ.

ಇದರ ಲೆಕ್ಕವನ್ನು ಎಲ್ಲರೂ ಒಮ್ಮೆ ಮಾಡಿ ನೋಡಬೇಕು. ಬಿಲ್ಲಿನಲ್ಲಿ 500 ಎಂದು ಬರೆದರೆ ಶೇಕಡಾ 8ರ ಸುಂಕ 40 ರೂಪಾಯಿ. ಮೊದಲಿದ್ದ 23 ರೂಪಾಯಿ 20 ಪೈಸೆಗೆ ಹೋಲಿಸಿದರೆ ಕಿಲೋಗೆ ಹೆಚ್ಚುವರಿ ಖರ್ಚು 17 ರೂಪಾಯಿಗಿಂತ ಕಡಿಮೆ. ಕನಿಷ್ಠ ಆಮದು ಬೆಲೆಯೆಂಬ ಗೋಡೆಯ ನಿಜವಾದ ಎತ್ತರ, ಸುಳ್ಳು ಬಿಲ್ಲಿಗೆ ಸಿದ್ಧನಿರುವವನಿಗೆ, ಅಷ್ಟೇ. ಸತ್ಯವಾದ ಬಿಲ್ಲು ಬರೆಯುವವನಿಗೆ ಮಾತ್ರ ಅದು ದಾಟಲಾಗದ ಗೋಡೆ. ಇದೇ ಕಸರತ್ತನ್ನು ಐವತ್ತರ ಮೇಲಿನ ಆಸಿಯಾನ್ ಸುಂಕದ ದಾರಿಯಲ್ಲಿ ಮಾಡಲು ಹೋದರೆ 500 ರೂಪಾಯಿಯ ಮೇಲೆ 250ಕ್ಕೂ ಹೆಚ್ಚು ಸುಂಕ ಬೀಳುತ್ತದಾದ್ದರಿಂದ ಅಲ್ಲಿ ಅದು ಗಿಟ್ಟುವುದಿಲ್ಲ. ಹೀಗಾಗಿ ಬೆಳೆಗಾರನನ್ನು ಕಾಪಾಡಲೆಂದು ತಂದ ಕನಿಷ್ಠ ಬೆಲೆ, ರಿಯಾಯಿತಿ ಸುಂಕದ ಕಿಂಡಿ ತೆರೆದೇ ಇರುವಾಗ, ಆ ಕಿಂಡಿಯ ಆಕರ್ಷಣೆಯನ್ನು ಇನ್ನಷ್ಟು ಹೆಚ್ಚಿಸಿತು ಎಂಬುದು ನನ್ನ ಅಭಿಪ್ರಾಯ. 2018ರ ಮಾರ್ಚ್‌ನಲ್ಲಿ 500 ರೂಪಾಯಿಗಿಂತ ಕೆಳಗಿನ ಆಮದನ್ನು ನಿಷೇಧಿತ ಎಂದೇ ಬದಲಿಸಿ ಬಿಗಿಗೊಳಿಸಲಾಯಿತು. ಬಿಲ್ಲಿನಲ್ಲಿ 500 ಎಂದೇ ಬರೆಯುವವನನ್ನು ಆ ಬಿಗಿ ಮುಟ್ಟುವುದಿಲ್ಲ. ದೇಶೀ ಧಾರಣೆ ಅದಾದ ಮೇಲೂ ಇಳಿದದ್ದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇರಲಿಲ್ಲ.

ತಮ್ಮನಿಗೆ ಒಂದು ದಿನ ಆಸೆಯಾಯಿತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಲೆಕ್ಕದಲ್ಲಿ ಮೆಣಸು ಈಗಲೂ 340ಕ್ಕೇ ಬಂದು ಬೀಳುತ್ತಿತ್ತು. ಅಣ್ಣ ಹೆಚ್ಚು ಮಾತಾಡಲಿಲ್ಲ. ಇಪ್ಪತ್ತೊಂಬತ್ತು ಲಕ್ಷ ನಗದನ್ನು ಯಾವ ಪುಸ್ತಕದಲ್ಲಿ ಬರೆಯುತ್ತೀ ಎಂದು ಕೇಳಿದರು. ವಿದೇಶಕ್ಕೆ ಹೆಚ್ಚು ಹಣ ಕಳಿಸಿ ಹಿಂಬಾಗಿಲಿನಿಂದ ವಾಪಸು ತರಿಸಿಕೊಳ್ಳುವುದು ವಿದೇಶಿ ವಿನಿಮಯ ಕಾನೂನಿನ ಉಲ್ಲಂಘನೆ, ಆಗ ಪ್ರಶ್ನೆ ಮೆಣಸಿನ ಊರಿನದಾಗಿ ಉಳಿಯುವುದಿಲ್ಲ ಎಂದು ನಾನು ಸೇರಿಸಿದೆ. ಎಲ್‌ಸಿಯನ್ನು ತಿದ್ದಿಸಲಿಲ್ಲ. ಹಳೆಯ ದರಕ್ಕೇ ಕಳಿಸಿರಿ, ಕೇಳಿದ ಮೂರು ಕಾಗದಗಳನ್ನು ಮೊದಲು ಕೊಡಿರಿ, ನೋಂದಣಿಯ ಜವಾಬ್ದಾರಿ ನಮ್ಮದು ಎಂದು ಬರೆದು ಕಳಿಸಿದೆವು, ಬೆಂಗಳೂರಿನಲ್ಲಿ ನೋಂದಣಿಯನ್ನೂ ಅವಧಿಯೊಳಗೆ ಮಾಡಿಸಿದೆವು. ಉತ್ತರ ಬರಲಿಲ್ಲ. ಡಿಸೆಂಬರ್ 31 ಕಳೆಯಿತು, ಎಲ್‌ಸಿ ಸತ್ತಿತು. ಬ್ಯಾಂಕಿನ ಕಮಿಷನ್ ಹೋಯಿತು, ಎಲ್‌ಸಿಗಾಗಿ ಬ್ಯಾಂಕಿನಲ್ಲಿಟ್ಟಿದ್ದ ಮಾರ್ಜಿನ್ ಹಣ ಒಂದು ತಿಂಗಳಿಗೂ ಮಿಕ್ಕಿ ಸಿಕ್ಕಿಹಾಕಿಕೊಂಡಿತ್ತು.

ನಂತರದ ಬದಲಾವಣೆಗಳು

ಇಂಥ ವ್ಯವಹಾರದಲ್ಲಿ ಶ್ರೀಲಂಕಾದ ರೈತನೂ ಸೋತವನೇ. ವಿಯೆಟ್ನಾಂನ ಸರಕು ಅವನ ದೇಶದ ಹೆಸರಿನಲ್ಲಿ ಹೋದಷ್ಟೂ ಅವನ ಮೆಣಸಿಗೆ ಕೊಲಂಬೊದಲ್ಲಿ ಸಿಗುವ ಬೆಲೆ ಕುಸಿಯುತ್ತದೆ, ಅವನ ಮೆಣಸಿನ ಖಾರದ ಹೆಸರೂ ಕೆಡುತ್ತದೆ. ಮರುರಫ್ತಿಗೆಂದು ಮೆಣಸು ಮುಂತಾದ ಸಾಂಬಾರ ಪದಾರ್ಥಗಳನ್ನು ಆಮದು ಮಾಡಿಕೊಳ್ಳುವುದನ್ನು ಅಲ್ಲಿನ ಸರ್ಕಾರವೇ 2019ರ ಕೊನೆಯಲ್ಲಿ ನಿಷೇಧಿಸಿತು. ಮಾತಳೆಯ ಬೆಳೆಗಾರನ ದೂರೂ ಸಿದ್ದಾಪುರದ ಬೆಳೆಗಾರನ ದೂರೂ ಒಂದೇ ಆಗಿತ್ತೆಂಬುದು ಇಲ್ಲಿನ ಪತ್ರಿಕೆಗಳಲ್ಲಿ ಹೆಚ್ಚು ಕಾಣಿಸಲಿಲ್ಲ.

ಭಾರತದ ಕಡೆಯಿಂದ ಆದ ದೊಡ್ಡ ಬದಲಾವಣೆ 2020ರದ್ದು. ಆ ವರ್ಷ ಕಸ್ಟಮ್ಸ್ ಕಾಯಿದೆಗೆ 28ಡಿಎ ಎಂಬ ಕಲಮು ಸೇರಿತು, ಅದರ ನಿಯಮಗಳು ಸೆಪ್ಟೆಂಬರ್ 21ರಿಂದ ಜಾರಿಯಾದವು. ಮೂಲ ಪ್ರಮಾಣಪತ್ರ ಸಲ್ಲಿಸಿದ ಮಾತ್ರಕ್ಕೆ ಆಮದುದಾರನ ಹೊಣೆ ತೀರುವುದಿಲ್ಲ. ಸರಕು ಹೇಗೆ ಆ ದೇಶದ್ದಾಯಿತು ಎಂಬ ವಿವರವನ್ನು ನಿಗದಿತ ನಮೂನೆಯಲ್ಲಿ ಆಮದಿಗೆ ಮೊದಲೇ ಕೈಯಲ್ಲಿ ಇಟ್ಟುಕೊಂಡಿರಬೇಕು, ಐದು ವರ್ಷ ಕಾಪಾಡಬೇಕು, ಅಧಿಕಾರಿ ಕೇಳಿದರೆ ಹತ್ತು ಕೆಲಸದ ದಿನಗಳಲ್ಲಿ ಕೊಡಬೇಕು. ನಾನು 2017ರಲ್ಲಿ ಕೊಟ್ಟ ಮೊದಲ ಸಲಹೆ ಅಲ್ಲಿಗೆ ಕಾನೂನಿನ ಪ್ರಕಾರವೂ ತಪ್ಪಾಯಿತು. ಈ ನಿಯಮ ನ್ಯಾಯವಾದದ್ದೇ ಎಂದು ಕೇಳಿದರೆ, ಅರ್ಧ ಎಂದು ಹೇಳುತ್ತೇನೆ. ಕೊಲಂಬೊದಲ್ಲಿ ಕಚೇರಿಯಿರುವ ದೊಡ್ಡ ಆಮದುದಾರ ಆ ವಿವರವನ್ನು ಸುಲಭವಾಗಿ ತರಿಸಿಕೊಳ್ಳುತ್ತಾನೆ; ಹೆಬ್ಬಾಳದಲ್ಲಿ ಕೂತು ಏಜೆಂಟಿನ ಫೋನಿನ ಮೇಲೆ ವ್ಯಾಪಾರ ಮಾಡುವವನಿಗೆ ಅದು ಸಿಗುವುದಿಲ್ಲ. ಒಪ್ಪಂದದ ರಿಯಾಯಿತಿ ಕಾಗದದಲ್ಲಿ ಇಬ್ಬರಿಗೂ ಒಂದೇ.

ಘಟಕದ ಕಡೆಗೆ ಬಂದರೆ, 2018ರ ಫೆಬ್ರವರಿಯಲ್ಲಿ ಅಣ್ಣ ಸಿದ್ದಾಪುರಕ್ಕೆ ಹೋದರು, ನಾನೂ ಜೊತೆಗಿದ್ದೆ. ಅಕ್ಟೋಬರ್‌ನಲ್ಲಿ ಎತ್ತುವೆವೆಂದು ಹೇಳಿದ್ದ ಆರು ಟನ್ನಿನಲ್ಲಿ ನಾಲ್ಕನ್ನು ಆ ಬೆಳೆಗಾರರು ಡಿಸೆಂಬರ್‌ನ ಚೇತರಿಕೆಯಲ್ಲಿ ಬೇರೆಯವರಿಗೆ ಮಾರಿದ್ದರು. ಉಳಿದ ಎರಡನ್ನೂ ಹೊಸ ಸುಗ್ಗಿಯ ಮೆಣಸನ್ನೂ ಕೊಡಲು ಒಪ್ಪಿದರು. ಕಾಫಿ ಕೊಟ್ಟರು, ತಂದೆಯವರನ್ನು ನೆನೆದು ಮಾತಾಡಿದರು. ದರದಲ್ಲಿ ಚೌಕಾಸಿ ಮಾಡಲಿಲ್ಲ. ಆದರೆ ಇಷ್ಟು ವರ್ಷ ಬರೀ ಮಾತಿನ ಮೇಲೆ ನಡೆದಿದ್ದ ವ್ಯವಹಾರಕ್ಕೆ ಇನ್ನು ಮುಂದೆ ಅರ್ಧ ಹಣ ಮುಂಗಡವಾಗಿ ಬರಬೇಕೆಂದು ಹೇಳಿದರು. ಅಣ್ಣ ಅಲ್ಲಿಯೇ ಚೆಕ್ ಬರೆದುಕೊಟ್ಟರು.